ಕಾಮಿಕ್ಸ್: ಓದುಗರ ವಯಸ್ಸಿನ ಪ್ರಶ್ನೆ

ಕಾಮಿಕ್ಸ್ ಎಂದರೆ ಮಕ್ಕಳ ಓದು ಎಂಬ ಎಣಿಕೆ ಅಮೆರಿಕದಲ್ಲಿ ನಿಯಮವಾಗಿಯೇ ನೆಲೆಯೂರಿದ್ದು 1954ರಲ್ಲಿ. 1895ರಿಂದ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಬಂದ ರಿಚರ್ಡ್ ಔಟ್‌ಕಾಲ್ಟ್‌ರ ‘ಯೆಲ್ಲೋ ಕಿಡ್’ ಚಿತ್ರಗಳನ್ನು ದೊಡ್ಡವರೂ ಓದುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಸೈನಿಕರ ಕೈಯಲ್ಲೂ ಕಾಮಿಕ್ಸ್ ಇದ್ದವು. ಯುದ್ಧ ಮುಗಿದ ಮೇಲೆ ಸೂಪರ್‌ಹೀರೋಗಳ ಬೇಡಿಕೆ ತಗ್ಗಿ ಅಪರಾಧ, ಪ್ರಣಯ, ಭಯಾನಕ ಕಥೆಗಳು ಮುಂದೆ ಬಂದವು. ಮಕ್ಕಳ ಪುಸ್ತಕಗಳ ಪಕ್ಕದಲ್ಲೇ ಇವೂ ಹತ್ತು ಸೆಂಟಿಗೆ ಮಾರಾಟವಾಗುತ್ತಿದ್ದುದು ತಕರಾರಿಗೆ ಮೂಲವಾಯಿತು.

ಹಾರ್ಲೆಮ್‌ನಲ್ಲಿ ಬಡವರಿಗಾಗಿ ಚಿಕಿತ್ಸಾಲಯ ನಡೆಸುತ್ತಿದ್ದ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ತಮ್ಮ ‘ಸೆಡಕ್ಷನ್ ಆಫ್ ದಿ ಇನೊಸೆಂಟ್’ (1954) ಗ್ರಂಥದಲ್ಲಿ ಬಾಲಾಪರಾಧಕ್ಕೆ ಕಾಮಿಕ್ಸ್‌ ಪ್ರಚೋದನೆ ನೀಡುತ್ತವೆ ಎಂದು ವಾದಿಸಿದರು. ಮಕ್ಕಳ ಹೇಳಿಕೆಗಳನ್ನು ಅವರು ತಿದ್ದಿ, ಬೆರೆಸಿ ಬಳಸಿದ್ದರೆಂಬುದನ್ನು ಸಂಶೋಧಕಿ ಕ್ಯಾರೊಲ್ ಟಿಲ್ಲಿ 2012ರಲ್ಲಿ ವರ್ಥಮ್‌ರ ಕಾಗದಪತ್ರಗಳಿಂದಲೇ ತೋರಿಸಿಕೊಟ್ಟರು. ಅದೇ ವರ್ಥಮ್ ಕೇಳಿದ್ದು ಮಾತ್ರ ಹದಿನೈದರ ಒಳಗಿನವರಿಗೆ ಅಪರಾಧದ ಕಾಮಿಕ್ಸ್ ಮಾರಬಾರದೆಂಬ ಕಾನೂನನ್ನು. ದೊಡ್ಡವರ ಓದಿಗೆ ಅದರಲ್ಲಿ ಜಾಗವಿತ್ತು. ಈ ಅಂಶ ಸಾಮಾನ್ಯವಾಗಿ ಮರೆತೇಹೋಗಿದೆ.

1954ರ ಏಪ್ರಿಲ್‌ನಲ್ಲಿ ಸೆನೆಟ್ ಉಪಸಮಿತಿ ಕಾಮಿಕ್ಸ್ ಕುರಿತು ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಸಿತು. ಕತ್ತರಿಸಿದ ಹೆಣ್ಣಿನ ತಲೆಯಿದ್ದ ಮುಖಪುಟವೊಂದನ್ನು ಎತ್ತಿ ಹಿಡಿದು ಸೆನೆಟರ್ ಎಸ್ಟೆಸ್ ಕೆಫಾವರ್ ಪ್ರಶ್ನಿಸಿದಾಗ, ಭಯಾನಕ ಕಾಮಿಕ್ಸ್‌ಗೆ ಅದು ಸದಭಿರುಚಿಯದೇ ಎಂದು ಇ.ಸಿ. ಕಾಮಿಕ್ಸ್‌ನ ಪ್ರಕಾಶಕ ವಿಲಿಯಂ ಗೇನ್ಸ್ ಸಮರ್ಥಿಸಿಕೊಂಡರು. ಕಾನೂನು ಬರುವ ಮೊದಲೇ ಪ್ರಕಾಶಕರು ತಾವಾಗಿ ‘ಕಾಮಿಕ್ಸ್ ಕೋಡ್’ ರೂಪಿಸಿಕೊಂಡರು. ರಕ್ತಪಿಶಾಚಿಗಳಿಗೆ ನಿಷೇಧ, ಶೀರ್ಷಿಕೆಯಲ್ಲಿ ‘ಹಾರರ್’ ಪದಕ್ಕೆ ನಿಷೇಧ. ಪೊಲೀಸರ, ನ್ಯಾಯಾಧೀಶರ ಮೇಲಿನ ಗೌರವ ಕುಂದುವಂತೆ ಬರೆಯುವ ಹಾಗಿರಲಿಲ್ಲ. ಕೋಡ್‌ನ ಒಪ್ಪಿಗೆಯ ಮುದ್ರೆಯಿಲ್ಲದ ಪುಸ್ತಕವನ್ನು ಹೆಚ್ಚಿನ ಸಗಟು ವಿತರಕರು ಮುಟ್ಟುತ್ತಿರಲಿಲ್ಲ. ಹೀಗೆ ಓದುಗರನ್ನು ವಯಸ್ಸಿನಿಂದ ಬೇರ್ಪಡಿಸುವ ಬದಲು ಇಡೀ ಮಾಧ್ಯಮವನ್ನೇ ಮಕ್ಕಳ ಮಟ್ಟಕ್ಕೆ ಕಟ್ಟಿಹಾಕಲಾಯಿತು. ಇದು ದೊಡ್ಡ ನಷ್ಟ.

ನಷ್ಟ ಎಂಥದೆಂಬುದಕ್ಕೆ ಇ.ಸಿ. ಕಾಮಿಕ್ಸ್‌ನ ‘ಜಡ್ಜ್‌ಮೆಂಟ್ ಡೇ’ ಕಥೆ ಸಾಕ್ಷಿ. ಬಣ್ಣದ ಮೇಲೆ ಭೇದ ಮಾಡುವ ಯಂತ್ರಮಾನವರ ಲೋಕವನ್ನು ಪರೀಕ್ಷಿಸಲು ಬಂದ ಗಗನಯಾತ್ರಿ ಕೊನೆಯ ಚೌಕದಲ್ಲಿ ಶಿರಸ್ತ್ರಾಣ ತೆಗೆಯುತ್ತಾನೆ. ಅವನು ಕಪ್ಪು ಮನುಷ್ಯ. ಮರುಮುದ್ರಣದ ವೇಳೆ ಕೋಡ್‌ನ ಅಧಿಕಾರಿ ಅವನ ಬಣ್ಣ ಬದಲಿಸುವಂತೆ ಹೇಳಿದರು. ಗೇನ್ಸ್ ಒಪ್ಪದೆ, ಕಥೆಯನ್ನು ಹಾಗೆಯೇ ಅಚ್ಚುಹಾಕಿ, 1956ರಲ್ಲಿ ಕಾಮಿಕ್ ಪುಸ್ತಕಗಳನ್ನೇ ನಿಲ್ಲಿಸಿದರು. ಅವರ ಹಾಸ್ಯ ಕಾಮಿಕ್ ‘ಮ್ಯಾಡ್’ ಆ ವೇಳೆಗೆ ನಿಯತಕಾಲಿಕವಾಗಿ ಮಾರ್ಪಟ್ಟು ಕೋಡ್‌ನಿಂದ ಹೊರಗುಳಿದಿತ್ತು.

ಅದೇ ದಶಕದಲ್ಲಿ ಜಪಾನಿನ ಹಾದಿ ಬೇರೆಯಾಯಿತು. ಯೊಶಿಹಿರೊ ತತ್ಸುಮಿ 1957ರಲ್ಲಿ ಬೆಳೆದವರ ಕಥನಕ್ಕೆ ‘ಗೆಕಿಗಾ’ ಎಂಬ ಹೆಸರಿಟ್ಟರು. ಅಲ್ಲಿ ಹುಡುಗರಿಗೆ, ಹುಡುಗಿಯರಿಗೆ, ವಯಸ್ಕರಿಗೆ ಪ್ರತ್ಯೇಕ ಪತ್ರಿಕೆಗಳು ಬೆಳೆದವು.

ಅಮೆರಿಕದಲ್ಲಿ ಬಿಗಿ ಸಡಿಲವಾಗಲು ಬಹಳ ಕಾಲ ಹಿಡಿಯಿತು. ರಾಬರ್ಟ್ ಕ್ರಂಬ್‌ರ ‘ಜ್ಯಾಪ್’ (1968) ಮುದ್ರೆಯ ಗೊಡವೆಯಿಲ್ಲದೆ ಬಂತು. ಮಾದಕವಸ್ತು ಕುರಿತ ಸ್ಪೈಡರ್‌ಮ್ಯಾನ್ ಕಥೆಯನ್ನು 1971ರಲ್ಲಿ ಮಾರ್ವೆಲ್ ಮುದ್ರೆಯಿಲ್ಲದೆ ಪ್ರಕಟಿಸಿತು. ನಾಜಿ ಹತ್ಯಾಕಾಂಡದಿಂದ ಬದುಕುಳಿದ ತಂದೆಯ ಕಥೆಯಾದ ಆರ್ಟ್ ಸ್ಪೀಗೆಲ್‌ಮನ್‌ರ ‘ಮೌಸ್’ಗೆ 1992ರಲ್ಲಿ ಪುಲಿಟ್ಜರ್ ವಿಶೇಷ ಪುರಸ್ಕಾರ ದೊರೆಯಿತು. 2011ರಲ್ಲಿ ಕೊನೆಯ ಪ್ರಕಾಶಕರೂ ಕೈಬಿಟ್ಟಾಗ ಕೋಡ್ ಅಳಿಯಿತು. ವಯಸ್ಸಿನ ಪ್ರಶ್ನೆ ಮಾತ್ರ ಉಳಿಯಿತು: 2022ರ ಜನವರಿಯಲ್ಲಿ ಟೆನೆಸ್ಸಿಯ ಮೆಕ್‌ಮಿನ್ ಕೌಂಟಿಯ ಶಾಲಾ ಮಂಡಳಿ ಬೈಗುಳ ಮತ್ತು ನಗ್ನಚಿತ್ರದ ಕಾರಣ ಕೊಟ್ಟು ‘ಮೌಸ್’ ಅನ್ನು ಎಂಟನೆಯ ತರಗತಿಯ ಪಠ್ಯದಿಂದ ತೆಗೆದುಹಾಕಿತು.