ಕ್ರೂಸ್ ಹಡಗಿನಲ್ಲಿ ಟೇಬಲ್ ಬುಕ್ ಮಾಡದಿದ್ದರೆ ಊಟ ಸಿಗುವುದಿಲ್ಲವೇ?

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋದ ಅಪ್ಪ-ಅಮ್ಮ ಅಲ್ಲಿಂದ ಒಂದು ವಾರ ಕೆರಿಬಿಯನ್ ಅಥವಾ ಅಲಾಸ್ಕಾ ಕ್ರೂಸ್‌ಗೆ ಹೋಗಿಬರುವುದು ಈಗ ಅಪರೂಪವೇನಲ್ಲ. ಟಿಕೆಟ್ ಆದ ಕೂಡಲೇ ಫ್ಯಾಮಿಲಿ ಗ್ರೂಪಿನಲ್ಲಿ ಸಲಹೆಗಳು ಶುರುವಾಗುತ್ತವೆ. ಒಬ್ಬರು, "ಹಡಗಿನಲ್ಲಿ ಊಟವೆಲ್ಲ ಫ್ರೀ, ಯಾವ ಹೋಟೆಲಿಗೆ ಬೇಕಾದರೂ ಹೋಗಿ ಕೂತುಕೊಳ್ಳಿ" ಎನ್ನುತ್ತಾರೆ. ಇನ್ನೊಬ್ಬರು, "ಮೂರು ತಿಂಗಳು ಮೊದಲೇ ಬುಕ್ ಮಾಡದಿದ್ದರೆ ಉಪವಾಸವೇ ಗತಿ" ಎಂದು ಹೆದರಿಸುತ್ತಾರೆ. ಇವೆರಡರಲ್ಲಿ ಯಾವುದು ನಿಜ?

ಚುಟುಕಾಗಿ ಹೇಳುವುದಾದರೆ, ಎರಡೂ ಪೂರ್ತಿ ನಿಜವಲ್ಲ. ಹಡಗಿನಲ್ಲಿ ಯಾರೂ ಉಪವಾಸ ಬೀಳುವುದಿಲ್ಲ. ಹಾಗೆಂದು ಎಲ್ಲ ಊಟವೂ ಫ್ರೀ ಅಲ್ಲ. ಸಕ್ಕರೆ ಕಾಯಿಲೆ, ಅಲರ್ಜಿ ಅಥವಾ ಕಟ್ಟುನಿಟ್ಟಿನ ಸಸ್ಯಾಹಾರ ಇರುವವರು ಮಾತ್ರ ಎರಡು ವಿಷಯಗಳನ್ನು ಮೊದಲೇ ತಿಳಿಸಲೇಬೇಕು: ಊಟದ ಹೊತ್ತು ಮತ್ತು ಆಹಾರದ ನಿರ್ಬಂಧ.

ಟಿಕೆಟ್ ಹಣದಲ್ಲಿ ಏನೇನು ಸೇರಿದೆ?

ದೊಡ್ಡ ಕ್ರೂಸ್ ಹಡಗುಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಊಟದ ಜಾಗಗಳಿರುತ್ತವೆ. ಬಫೆ ಮತ್ತು ಮೇನ್ ಡೈನಿಂಗ್ ರೂಮ್‌ಗಳ ಊಟ ಟಿಕೆಟ್ ದರದಲ್ಲೇ ಸೇರಿರುತ್ತದೆ. ಬಫೆಗೆ ಬುಕಿಂಗ್ ಬೇಡ, ತಟ್ಟೆ ಹಿಡಿದು ಹೋದರೆ ಸಾಕು. ಎರಡನೆಯದು ಸ್ಪೆಷಾಲಿಟಿ ರೆಸ್ಟೋರೆಂಟ್. ಸ್ಟೇಕ್, ಸುಶಿ, ಇಟಾಲಿಯನ್ ಹೀಗೆ ಒಂದೊಂದಕ್ಕೆ ಒಂದೊಂದು. ಇಲ್ಲಿ ಬೇರೆ ದುಡ್ಡು ಕೊಡಬೇಕು, ಟೇಬಲ್‌ಗಳೂ ಕಡಿಮೆ. ಮೆನುವಿನ ದರದ ಮೇಲೆ ಶೇಕಡಾ 18 ರಿಂದ 20ರಷ್ಟು ಸರ್ವಿಸ್ ಚಾರ್ಜ್ ಸೇರುವುದು ಅಮೆರಿಕದ ಹಡಗುಗಳಲ್ಲಿ ಸಾಮಾನ್ಯ. ಆಗ ಕೈಯಿಂದ ನಗದು ಕೊಡುವಂತಿಲ್ಲದ ಕಾರಣ ಖರ್ಚು ಗೊತ್ತಾಗುವುದಿಲ್ಲ. ಎಲ್ಲವೂ ಕ್ಯಾಬಿನ್ ಲೆಕ್ಕಕ್ಕೆ ಬಿದ್ದು, ಕೊನೆಯ ದಿನ ಬಿಲ್ಲಾಗಿ ಬರುತ್ತದೆ.

ಇದು ಇತ್ತೀಚಿನ ವ್ಯಾಪಾರ ತಂತ್ರವೇನಲ್ಲ. 1905ರಲ್ಲಿ ಸಂಚಾರ ಆರಂಭಿಸಿದ ಜರ್ಮನಿಯ 'ಅಮೇರಿಕಾ' ಹಡಗಿನಲ್ಲೇ ಪ್ರತ್ಯೇಕ ಹಣ ಕೊಟ್ಟು ಉಣ್ಣುವ ರಿಟ್ಜ್ ರೆಸ್ಟೋರೆಂಟ್ ಇತ್ತು. 1912ರ ಟೈಟಾನಿಕ್‌ನಲ್ಲೂ ಮೊದಲ ದರ್ಜೆಯವರಿಗೆ ಅಂಥದೊಂದು ರೆಸ್ಟೋರೆಂಟ್ ಇತ್ತು.

ಬುಕಿಂಗ್ ಬೇಕಾದದ್ದು ಯಾಕೆ?

2024ರ ಜನವರಿಯಲ್ಲಿ ಸಂಚಾರ ಆರಂಭಿಸಿದ 'ಐಕಾನ್ ಆಫ್ ದ ಸೀಸ್' ಹಡಗು 7,600 ಪ್ರಯಾಣಿಕರವರೆಗೆ ಹೊರಬಲ್ಲದು. ಎಷ್ಟು ದೊಡ್ಡ ಊಟದ ಕೋಣೆಯಾದರೂ ಇಷ್ಟು ಜನರನ್ನು ಒಟ್ಟಿಗೆ ಕೂರಿಸಲಾಗದು. ಮದುವೆ ಮನೆಯಲ್ಲಿ ನಾವು ಮಾಡುವುದನ್ನೇ ಹಡಗಿನವರೂ ಮಾಡುತ್ತಾರೆ: ಮೊದಲ ಪಂಕ್ತಿ, ಎರಡನೇ ಪಂಕ್ತಿ.

ಮೊದಲ ಪಂಕ್ತಿ ಸಾಮಾನ್ಯವಾಗಿ ಸಂಜೆ 5:30–6 ಗಂಟೆಯ ಸುಮಾರಿಗೆ, ಎರಡನೆಯದು ರಾತ್ರಿ 8–8:30ರ ಸುಮಾರಿಗೆ. ಈ ಪದ್ಧತಿಯಲ್ಲಿ ಪ್ರತಿ ರಾತ್ರಿ ಅದೇ ಟೇಬಲ್, ಅದೇ ವೇಯ್ಟರ್. ಇನ್ನೊಂದು ಪದ್ಧತಿಯಲ್ಲಿ ಹೊತ್ತು ನಿಗದಿಯಿಲ್ಲ. ಆ್ಯಪ್‌ನಲ್ಲಿ ಆಯಾ ದಿನದ ಸಮಯ ಹಿಡಿಯಬಹುದು, ಇಲ್ಲವೇ ನೇರ ಹೋಗಿ ಸಾಲಿನಲ್ಲಿ ನಿಲ್ಲಬಹುದು. ಎಲ್ಲ ಕಂಪನಿಗಳ ಕ್ರಮ ಒಂದೇ ಅಲ್ಲ. ಡಿಸ್ನಿ ಹಡಗುಗಳಲ್ಲಿ ಕುಟುಂಬಗಳು ದಿನಕ್ಕೊಂದು ರೆಸ್ಟೋರೆಂಟ್‌ಗೆ ಸರದಿಯಂತೆ ಹೋಗುತ್ತವೆ, ಅವರ ವೇಯ್ಟರ್‌ಗಳೂ ಜೊತೆಯಲ್ಲೇ ಬರುತ್ತಾರೆ.

ಸಕ್ಕರೆ ಕಾಯಿಲೆ ಇದ್ದರೆ ಯಾವ ಪಂಕ್ತಿ?

ಫಾರ್ವರ್ಡ್‌ಗಳು ಹೇಳದೇ ಬಿಡುವುದು ಇದನ್ನೇ. ಟಿಕೆಟ್ ಮಾಡಿಸುವವರು ಮಕ್ಕಳು, "ಎರಡನೇ ಪಂಕ್ತಿ ಇರಲಿ, ಷೋ ನೋಡಿಕೊಂಡು ಹೋಗೋಣ" ಎಂದು ಒತ್ತಿಬಿಡುತ್ತಾರೆ. ಮನೆಯಲ್ಲಿ ಏಳೂವರೆಗೆ ಊಟ ಮುಗಿಸುವ ಅಪ್ಪನಿಗೆ ಹಡಗಿನಲ್ಲಿ ಮೊದಲ ತುತ್ತು ಸಿಗುವಾಗ ಒಂಬತ್ತಾಗಿರುತ್ತದೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಸಣ್ಣ ವಿಷಯವಲ್ಲ. ಔಷಧಿ ತೆಗೆದುಕೊಂಡ ಮೇಲೆ ಊಟ ತಡವಾದರೆ ರಕ್ತದ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ಎದೆಬಡಿತ, ಗೊಂದಲ ಅದರ ಲಕ್ಷಣಗಳು. ಕ್ಯಾಬಿನ್‌ನಲ್ಲೇ ಇನ್ಸುಲಿನ್ ಚುಚ್ಚಿಕೊಂಡು ಹೊರಟು, ಊಟದ ಕೋಣೆಯ ಮುಂದೆ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಲ್ಲಬೇಕಾಗಿ ಬಂದರೆ ಏನಾದೀತು ಯೋಚಿಸಿ. ಆದ್ದರಿಂದ ಇಂಥವರಿಗೆ ಮೊದಲ ಪಂಕ್ತಿಯೇ ವಾಸಿ. ಅದು ಸಿಗದಿದ್ದರೆ ಸಂಜೆ ಬಫೆಯಲ್ಲಿ ಉಣ್ಣಬಹುದು. ಜೇಬಿನಲ್ಲಿ ಗ್ಲೂಕೋಸ್ ಇರಲಿ. ಔಷಧಿಯ ಹೊತ್ತನ್ನಾಗಲಿ ಪ್ರಮಾಣವನ್ನಾಗಲಿ ನೀವೇ ಬದಲಿಸಬೇಡಿ. ಹೊರಡುವ ಮೊದಲೇ ವೈದ್ಯರನ್ನು ಕೇಳಿ.

ಅಲರ್ಜಿ, ಸಸ್ಯಾಹಾರ, ಜೈನ ಊಟ

ವಿದೇಶಿ ಹಡಗಿನಲ್ಲಿ 'ವೆಜಿಟೇರಿಯನ್' ಎಂದರೆ ಮೊಟ್ಟೆ ಇರಬಹುದು. ತರಕಾರಿ ಸೂಪ್‌ಗೆ ಕೋಳಿಯ ಸ್ಟಾಕ್ ಬಿದ್ದಿರಬಹುದು. ಹಾಗಾಗಿ "ವೆಜ್" ಎಂದಷ್ಟೇ ಹೇಳಿದರೆ ಸಾಲದು. ಮಾಂಸ, ಮೀನು, ಮೊಟ್ಟೆ ಬೇಡ, ಈರುಳ್ಳಿ-ಬೆಳ್ಳುಳ್ಳಿ ಬೇಡ ಎಂದು ಬಿಡಿಸಿ ಹೇಳಬೇಕು. ಟಿಕೆಟ್ ಮಾಡಿಸುವಾಗಲೇ ಇದನ್ನು ಬರೆಸಿ. ಹಡಗು ಹತ್ತಿದ ಮೊದಲ ಸಂಜೆ ಹೆಡ್ ವೇಯ್ಟರ್‌ಗೆ ಮತ್ತೊಮ್ಮೆ ಹೇಳಿ. ಅನೇಕ ಹಡಗುಗಳಲ್ಲಿ ಭಾರತೀಯ ಸಸ್ಯಾಹಾರ ಮಾಡಿಕೊಡುತ್ತಾರೆ, ಆದರೆ ಅಡುಗೆಮನೆಗೆ ಮೊದಲೇ ತಿಳಿದಿರಬೇಕು.

ಶೇಂಗಾ, ಗೋಡಂಬಿ, ಸಿಗಡಿಯಂಥ ಅಲರ್ಜಿ ಇದ್ದವರಿಗೆ ಬಫೆಗಿಂತ ಮೇನ್ ಡೈನಿಂಗ್ ರೂಮ್ ಸುರಕ್ಷಿತ. ಬಫೆಯಲ್ಲಿ ಒಂದು ಪಾತ್ರೆಯ ಸೌಟು ಇನ್ನೊಂದಕ್ಕೆ ಹೋಗುವುದನ್ನು ಯಾರೂ ತಡೆಯಲಾರರು. ಡೈನಿಂಗ್ ರೂಮ್‌ನಲ್ಲಿ ಅಲರ್ಜಿ ಇರುವವರಿಗೆ ಮರುದಿನದ ಮೆನುವನ್ನು ಹಿಂದಿನ ರಾತ್ರಿಯೇ ತೋರಿಸಿ, ಆರ್ಡರ್ ಬರೆದುಕೊಳ್ಳುವ ರೂಢಿ ಹಲವು ಹಡಗುಗಳಲ್ಲಿದೆ. ವೈದ್ಯರು ಎಪಿನೆಫ್ರಿನ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಅದು ಊಟದ ಟೇಬಲ್ಲಿಗೂ ಜೊತೆಯಲ್ಲಿ ಬರಲಿ. ಕ್ಯಾಬಿನ್‌ನಲ್ಲಿ ಬಿಟ್ಟುಬಂದರೆ ಪ್ರಯೋಜನವಿಲ್ಲ.

ಬುಕ್ ಮಾಡುವುದು ಹೇಗೆ?

1. ಕಂಪನಿಯ ಅಧಿಕೃತ ಆ್ಯಪ್ ಅನ್ನು ಮನೆಯಲ್ಲೇ ಇಳಿಸಿಕೊಂಡು ಲಾಗಿನ್ ಆಗಿ. ಜೊತೆಗೆ ಹೋಗುವವರೆಲ್ಲರ ಬುಕಿಂಗ್ ಸಂಖ್ಯೆಗಳನ್ನು ಲಿಂಕ್ ಮಾಡಿಸಿ. ಇಲ್ಲದಿದ್ದರೆ ಒಂದೇ ಕುಟುಂಬಕ್ಕೆ ಬೇರೆ ಬೇರೆ ಟೇಬಲ್ ಬೀಳಬಹುದು.

2. ಪಂಕ್ತಿಯನ್ನು ಟಿಕೆಟ್ ಮಾಡುವಾಗಲೇ ಆರಿಸಿ. ಮೊದಲ ಪಂಕ್ತಿ ತುಂಬಿದ್ದರೆ ವೇಯ್ಟಿಂಗ್ ಲಿಸ್ಟ್‌ಗೆ ಹೆಸರು ಕೊಡಿ.

3. ಸ್ಪೆಷಾಲಿಟಿ ರೆಸ್ಟೋರೆಂಟ್‌ಗಳ ಬುಕಿಂಗ್ ಸಾಮಾನ್ಯವಾಗಿ ಪ್ರಯಾಣಕ್ಕೆ ವಾರಗಳ ಮುಂಚೆಯೇ ತೆರೆಯುತ್ತದೆ. ಏಳು ಗಂಟೆಯ ಟೇಬಲ್‌ಗಳು ಬೇಗ ಖಾಲಿಯಾಗುತ್ತವೆ. ಸಿಗದಿದ್ದರೆ ಹಡಗು ಹತ್ತಿದ ದಿನವೇ ಆ ರೆಸ್ಟೋರೆಂಟ್‌ಗೆ ಹೋಗಿ ವಿಚಾರಿಸಿ. ಯಾರಾದರೂ ಬಿಟ್ಟುಕೊಟ್ಟ ಟೇಬಲ್ ಸಿಗುವುದುಂಟು.

4. ಹೋಗಲಾಗದಿದ್ದರೆ ಗಡುವಿನೊಳಗೆ ರದ್ದು ಮಾಡಿ. ಸುಮ್ಮನೆ ತಪ್ಪಿಸಿಕೊಂಡರೆ ಹಲವು ಕಡೆ ದುಡ್ಡು ಕಡಿತವಾಗುತ್ತದೆ.

5. ಸಮುದ್ರದಲ್ಲಿ ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ಹಡಗಿನ ವೈಫೈ ಮಾತ್ರ ಆನ್ ಮಾಡಿ. ದೊಡ್ಡ ಕಂಪನಿಗಳ ಆ್ಯಪ್‌ಗಳಲ್ಲಿ ಟೇಬಲ್ ಬುಕಿಂಗ್‌ಗೆ ಇಂಟರ್ನೆಟ್ ಪ್ಯಾಕ್ ಬೇಕಿಲ್ಲ. ಹಡಗಿನ ಮೊಬೈಲ್ ನೆಟ್‌ವರ್ಕ್‌ಗೆ ಫೋನ್ ತಾನಾಗಿಯೇ ಸೇರಿಕೊಂಡರೆ ರೋಮಿಂಗ್ ಬಿಲ್ ಊಟದ ಬಿಲ್ಲನ್ನೂ ಮೀರಿಸಬಹುದು.

6. ಊಟದ ಹೊತ್ತು ಹಡಗಿನ ಗಡಿಯಾರದ ಪ್ರಕಾರ. ಬಂದರಿನಲ್ಲಿ ಫೋನ್ ಸ್ಥಳೀಯ ಟವರ್‌ನ ಸಮಯ ತೋರಿಸಿ ಒಂದು ಗಂಟೆ ಹಿಂದೆ-ಮುಂದೆ ಆಗಬಹುದು. ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಹೊಂದಿಸಿಕೊಳ್ಳಿ.

"ಊಟದ ಟೇಬಲ್ ಖಚಿತಪಡಿಸಲು ಈ ಲಿಂಕ್ ಒತ್ತಿ ಹಣ ಕಟ್ಟಿ" ಎಂಬ ಸಂದೇಶ ಬಂದರೆ ಒತ್ತಬೇಡಿ. ಹಣ ಕಟ್ಟಬೇಕಿದ್ದರೆ ಅದು ಕಂಪನಿಯ ಆ್ಯಪ್‌ನಲ್ಲಿ, ಅದರ ಜಾಲತಾಣದಲ್ಲಿ ಅಥವಾ ನಿಮ್ಮ ಟ್ರಾವೆಲ್ ಏಜೆಂಟ್ ಮೂಲಕ ಮಾತ್ರ.

ನಮ್ಮ ತೀರ್ಮಾನ

"ಎಲ್ಲ ಫ್ರೀ" ಎಂಬುದು ತಪ್ಪು. "ಬುಕ್ ಮಾಡದಿದ್ದರೆ ಉಪವಾಸ" ಎಂಬುದೂ ತಪ್ಪು. ಸ್ಪೆಷಾಲಿಟಿ ರೆಸ್ಟೋರೆಂಟ್‌ನ ಟೇಬಲ್ ತಪ್ಪಿದರೆ ಒಂದು ಆಸೆ ತಪ್ಪಿದಂತೆ, ಅಷ್ಟೇ. ಊಟದ ಹೊತ್ತು, ಅಲರ್ಜಿಯ ಮಾಹಿತಿ ತಪ್ಪಿದರೆ ಆರೋಗ್ಯಕ್ಕೇ ಪೆಟ್ಟು. ಫ್ಯಾಮಿಲಿ ಗ್ರೂಪಿನಲ್ಲಿ ಕ್ರೂಸ್‌ಗೆ ಹೊರಟವರಿದ್ದರೆ, ಏನು ಬುಕ್ ಮಾಡಿದಿರಿ ಎಂದು ಕೇಳುವ ಮೊದಲು ಅಪ್ಪ-ಅಮ್ಮನಿಗೆ ಯಾವ ಪಂಕ್ತಿ ಹಾಕಿಸಿದಿರಿ ಎಂದು ಕೇಳಿ.