ಬರವೆಂದು ಘೋಷಿಸುವವರು ಯಾರು? ಧಾತು–ಈಶ್ವರ ಬರದಿಂದ ವಿಪತ್ತು ನಿರ್ವಹಣಾ ಕಾಯ್ದೆಯವರೆಗೆ

1871ರ ಖಾನೇಷುಮಾರಿ ಮೈಸೂರು ಸಂಸ್ಥಾನದಲ್ಲಿ 50,55,412 ಜನರನ್ನು ಎಣಿಸಿತು. 1881ರ ಖಾನೇಷುಮಾರಿಯಲ್ಲಿ ಸಿಕ್ಕ ಲೆಕ್ಕ 41,86,188. ಎರಡರ ನಡುವಿನ ಅಂತರ ಎಂಟೂ ಮುಕ್ಕಾಲು ಲಕ್ಷಕ್ಕೆ ತುಸು ಕಡಿಮೆ. ಇದನ್ನೇ ಸತ್ತವರ ಸಂಖ್ಯೆ ಎಂದು ಓದಲಾಗದು. ಊರು ಬಿಟ್ಟು ಹೋದವರು, ಆ ವರ್ಷಗಳಲ್ಲಿ ಹುಟ್ಟದೇ ಹೋದ ಮಕ್ಕಳು ಇದರಲ್ಲಿ ಸೇರಿದ್ದಾರೆ. ಇನ್ನೊಂದೆಡೆ, 1871ರಿಂದ 1876ರವರೆಗೆ ಆಗಿರಬಹುದಾದ ಸಹಜ ಏರಿಕೆ ಈ ಕಳೆಯುವ ಲೆಕ್ಕದಿಂದ ಬಿಟ್ಟುಹೋಗಿದೆ. ಸಂಸ್ಥಾನದಲ್ಲಿ ಸತ್ತವರು ಹತ್ತು ಲಕ್ಷದ ಆಸುಪಾಸು ಎಂಬುದು ಸಾಮಾನ್ಯವಾಗಿ ಬಳಕೆಯಲ್ಲಿರುವ ಅಂದಾಜು. ಬೊಂಬಾಯಿ ಪ್ರಾಂತ್ಯದ ಕಲಾದಗಿ ಜಿಲ್ಲೆಯಲ್ಲಿ, ಅಂದರೆ ಈಗಿನ ವಿಜಯಪುರ–ಬಾಗಲಕೋಟೆ ಸೀಮೆಯಲ್ಲಿ, ಜನಸಂಖ್ಯೆ ಎಂಟು ಲಕ್ಷದ ಸುಮಾರಿನಿಂದ ಆರೂಕಾಲು ಲಕ್ಷದ ಆಸುಪಾಸಿಗೆ ಕುಸಿಯಿತು. ಧಾತು ಸಂವತ್ಸರದಲ್ಲಿ ಮೊದಲಾಗಿ ಈಶ್ವರ ಸಂವತ್ಸರದಲ್ಲಿ ತುದಿ ಮುಟ್ಟಿದ ಬರ ಇದು.

ಭಾರತದ ವಿಪತ್ತುಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಎರಡು ಪಟ್ಟಿ ಮಾಡುತ್ತಾರೆ: ಬರ, ನೆರೆ, ಭೂಕಂಪ, ಚಂಡಮಾರುತ ಒಂದರಲ್ಲಿ; ಭೋಪಾಲದ ವಿಷಾನಿಲ ಸೋರಿಕೆಯಂಥವು ಇನ್ನೊಂದರಲ್ಲಿ. ಈ ವಿಂಗಡಣೆ ನಿಸರ್ಗದಲ್ಲಿ ಇಲ್ಲ, ಆಡಳಿತದ ಕಡತದಲ್ಲಿದೆ ಎಂಬುದು ಈ ಲೇಖನದ ವಾದ. ಒಂದು ಘಟನೆಯನ್ನು ಸರ್ಕಾರ ಏನೆಂದು ಘೋಷಿಸಿತು, ಅಥವಾ ಘೋಷಿಸದೆ ಬಿಟ್ಟಿತು ಎಂಬುದರ ಮೇಲೆ ಯಾರಿಗೆ ಅನ್ನ, ಯಾರಿಗೆ ಹಣ, ಯಾರ ಮೇಲೆ ಹೊಣೆ ಎಂಬುದು ತೀರ್ಮಾನವಾಗುತ್ತ ಬಂದಿದೆ. ಈ ಘೋಷಣೆಯ ಪದ್ಧತಿ ರೂಪುಗೊಂಡದ್ದರಲ್ಲಿ ಮೈಸೂರಿನ ಪಾಲು ನಾವು ಎಣಿಸುವುದಕ್ಕಿಂತ ದೊಡ್ಡದು.

ಮೊದಲು ಮಳೆಯ ಮಾತು. 1875ರಲ್ಲೇ ಬೆಳೆ ಅರೆಬರೆಯಾಗಿತ್ತು. 1876ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. ಅದರ ಬೆನ್ನಿಗೇ, 1877–78ರಲ್ಲಿ, ಪ್ರಬಲ ಎಲ್ ನಿನೊ ಇತ್ತೆಂದು ಇಂದಿನ ಹವಾಮಾನ ವಿಜ್ಞಾನ ಹೇಳುತ್ತದೆ. ಅದೇ ಅವಧಿಯಲ್ಲಿ ಉತ್ತರ ಚೀನಾದಲ್ಲೂ ಬ್ರೆಜಿಲಿನ ಈಶಾನ್ಯದಲ್ಲೂ ಜನ ಹಸಿವಿನಿಂದ ಸತ್ತರು. ಮೈಸೂರು ಸಂಸ್ಥಾನದಲ್ಲಿ ಸುಮಾರು 38,000 ಕೆರೆಗಳಿದ್ದವು. ಆದರೆ ಬಯಲುಸೀಮೆಯ ಕೆರೆಗಳು ಸರಣಿ ಕೆರೆಗಳು. ಮೇಲಿನದು ಕೋಡಿ ಹರಿದರಷ್ಟೇ ಕೆಳಗಿನದಕ್ಕೆ ನೀರು. ಒಂದು ವರ್ಷದ ಮಳೆ ತಪ್ಪಿದರೆ ಹೇಗೋ ತಡೆದುಕೊಳ್ಳುವ ಈ ವ್ಯವಸ್ಥೆ ಎರಡನೆಯ ವರ್ಷಕ್ಕೆ ಇಡಿಯಾಗಿ ಬತ್ತುತ್ತದೆ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ಆದದ್ದು ಅದೇ. ಮಲೆನಾಡು ಬಹುಮಟ್ಟಿಗೆ ಉಳಿಯಿತು.

ಇಷ್ಟು ನಿಸರ್ಗದ ಪಾಲು. ರಾಗಿ ಇಲ್ಲದ ಊರಿಗೆ ಅಕ್ಕಿ ತರಿಸಬಹುದಿತ್ತು, ತರಿಸಿದ್ದೂ ಉಂಟು. ಮದ್ರಾಸ್ ಬಂದರಿನಲ್ಲಿ ಇಳಿದ ಧಾನ್ಯ ರೈಲಿನಲ್ಲಿ ಬೆಂಗಳೂರಿನವರೆಗೆ ಬರುತ್ತಿತ್ತು. ರೈಲು ಅಲ್ಲಿಗೇ ನಿಲ್ಲುತ್ತಿತ್ತು. ಮುಂದೆ ಎತ್ತಿನ ಗಾಡಿಯೇ ಗತಿ. ಮೇವು ನೀರಿಲ್ಲದೆ ಎತ್ತುಗಳೇ ಸಾಯುತ್ತಿದ್ದಾಗ ಗಾಡಿ ಹೂಡುವುದು ಹೇಗೆ? ಬೆಲೆ ಏರಿದ ಕಡೆಗೆ ವ್ಯಾಪಾರಿಗಳು ತಾವಾಗಿಯೇ ಧಾನ್ಯ ತರುತ್ತಾರೆ, ಸರ್ಕಾರ ಕೈ ಹಾಕಬಾರದು ಎಂಬ ಅಂದಿನ ಅರ್ಥಶಾಸ್ತ್ರದ ನಂಬಿಕೆಗೆ ಕೊಳ್ಳುವವನ ಕೈಯಲ್ಲಿ ಕಾಸಿರಬೇಕೆಂಬುದು ಹೊಳೆದಿರಲಿಲ್ಲ. ವೈಸರಾಯ್ ಲಿಟ್ಟನ್ 1877ರ ಜನವರಿ 1ರಂದು ದಿಲ್ಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಭಾರತದ ಸಾಮ್ರಾಜ್ಞಿ ಎಂದು ಸಾರಿದ ತಿಂಗಳಲ್ಲೇ, ಬರದ ಖರ್ಚಿಗೆ ಕಡಿವಾಣ ಹಾಕಲೆಂದು ರಿಚರ್ಡ್ ಟೆಂಪಲ್ ದಕ್ಷಿಣಕ್ಕೆ ಹೊರಟ.

ಟೆಂಪಲ್‌ನ ಕಥೆ ಸ್ವಲ್ಪ ವಿವರವಾಗಿ ನೋಡಬೇಕಾದದ್ದು. 1873–74ರಲ್ಲಿ ಬಿಹಾರದಲ್ಲಿ ಮಳೆ ತಪ್ಪಿದಾಗ ಇದೇ ಅಧಿಕಾರಿ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿದ್ದ. ಹಸಿವಿನ ಸಾವುಗಳು ತೀರ ಕಡಿಮೆಯಾದವು. ಅದಕ್ಕೆ ಸಿಕ್ಕ ಬಹುಮಾನ ದುಂದುಗಾರನೆಂಬ ಟೀಕೆ. ಯಾರೂ ಸಾಯದಿದ್ದ ಮೇಲೆ ಅಷ್ಟು ಹಣ ಏಕೆ ಸುರಿದಿರಿ ಎಂಬ ತರ್ಕ! ಪಾಠ ಕಲಿತ ಟೆಂಪಲ್ ಮದ್ರಾಸ್ ಪ್ರಾಂತ್ಯಕ್ಕೆ ಬಂದಾಗ, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಒಂದಾಣೆ ಸಾಕೆಂದು ನಿಗದಿ ಮಾಡಿದ. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಡಿಮೆ. ಮಣ್ಣು ಅಗೆದು, ಹೊತ್ತು, ಬಿಸಿಲಲ್ಲಿ ನಿಂತವನಿಗೆ ಇದು ಸಾಲದೆಂದು ಮದ್ರಾಸಿನ ಆರೋಗ್ಯ ಕಮಿಷನರ್ ಡಬ್ಲ್ಯು. ಆರ್. ಕಾರ್ನಿಶ್ ಅಂಕಿಅಂಶ ಸಮೇತ ವಾದಿಸಿದ. ಕೆಲವೇ ತಿಂಗಳಲ್ಲಿ ಮದ್ರಾಸ್ ಸರ್ಕಾರ ಕೂಲಿ ಹೆಚ್ಚಿಸಬೇಕಾಯಿತು. ಬೊಂಬಾಯಿ ಪ್ರಾಂತ್ಯದಲ್ಲಿ ಹಸಿದ ಜನರೇ ಕಾಮಗಾರಿ ಬಿಟ್ಟು ಮುಷ್ಕರ ಹೂಡಿದರು. ಅವರ ಪರವಾಗಿ ಪುಣೆ ಸಾರ್ವಜನಿಕ ಸಭೆ ಅರ್ಜಿ ಬರೆಯಿತು. ಬರದ ಚರಿತ್ರೆಯಲ್ಲಿ ಹಸಿದವರು ಬರೀ ಅಂಕಿಯಾಗಿಯೇ ಕಾಣಿಸುವುದರಿಂದ ಈ ಮುಷ್ಕರವನ್ನು ಮರೆಯಬಾರದು.

ಮೈಸೂರಿನಲ್ಲಿ ಬೇಯಿಸಿದ ಅನ್ನ ಗಂಜಿ ಹಂಚುವ ಕೇಂದ್ರಗಳು ಹೆಚ್ಚಿದ್ದವು. ಕೆಲಸ ಮಾಡಿಸದೆ ಊಟ ಹಾಕುವುದು ಮೇಲಿನವರಿಗೆ ಹಿಡಿಸಲಿಲ್ಲ. 1877ರಲ್ಲಿ ಲಿಟ್ಟನ್ ಖುದ್ದಾಗಿ ಬಂದು ನೋಡಿದ ಮೇಲೆ ಚಾರ್ಲ್ಸ್ ಎಲಿಯಟ್ ಸಂಸ್ಥಾನದ ಕ್ಷಾಮ ಕಮಿಷನರ್ ಆದ. ಗಟ್ಟಿಮುಟ್ಟಾದವರನ್ನು ದೊಡ್ಡ ಕಾಮಗಾರಿಗಳಿಗೆ ಸಾಗಿಸುವ ನೀತಿ ಜಾರಿಗೆ ಬಂತು. ಬೆಂಗಳೂರು–ಮೈಸೂರು ರೈಲುಮಾರ್ಗದ ಮಣ್ಣಿನ ಕೆಲಸ ಶುರುವಾದದ್ದು ಬರದ ಕಾಮಗಾರಿಯಾಗಿಯೇ. ಬರ ಮುಗಿಯುವ ಹೊತ್ತಿಗೆ ಖಜಾನೆ ಬರಿದಾಗಿ, ಭಾರತ ಸರ್ಕಾರಕ್ಕೆ 80 ಲಕ್ಷ ರೂಪಾಯಿ ಸಾಲ ನಿಂತಿತ್ತು. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದಾಗ ಸಾಲವನ್ನೂ ಜೊತೆಗೇ ಒಪ್ಪಿಸಿದರು. ಐವತ್ತು ವರ್ಷ ಆಳಿದವರು ತಾವು. ತೀರಿಸುವ ಹೊಣೆ ದಿವಾನ್ ರಂಗಾಚಾರ್ಲು ಅವರದು.

ಎಲಿಯಟ್ ಮೈಸೂರು ಬರದ ಸುದೀರ್ಘ ವರದಿ ಬರೆದ. 1878ರಲ್ಲಿ ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಕ್ಷಾಮ ಆಯೋಗ ನೇಮಕವಾದಾಗ ಅದರ ಕಾರ್ಯದರ್ಶಿಯಾದವನೂ ಇವನೇ. ಆಯೋಗ 1880ರಲ್ಲಿ ವರದಿ ಕೊಟ್ಟಿತು, 1883ರಲ್ಲಿ ಕ್ಷಾಮ ಸಂಹಿತೆಯ ಮಾದರಿ ಸಿದ್ಧವಾಗಿ ಪ್ರಾಂತ್ಯ ಪ್ರಾಂತ್ಯಗಳಿಗೆ ಹೋಯಿತು. ಹೀಗೆ ಕೋಲಾರ, ತುಮಕೂರಿನ ಅನುಭವ ಇಡೀ ದೇಶದ ಕಾನೂನಿನೊಳಗೆ ನುಸುಳಿತು.

ಆ ಸಂಹಿತೆಯ ಬುದ್ಧಿವಂತಿಕೆಯನ್ನು ಒಪ್ಪಲೇಬೇಕು. ಬರವೆಂದರೆ ಧಾನ್ಯದ ಅಭಾವ ಎನ್ನುವುದಕ್ಕಿಂತ ಕೂಲಿಯ ಅಭಾವ ಎಂದು ಆಯೋಗ ಗುರುತಿಸಿತು: ಹೊಲದಲ್ಲಿ ಕೆಲಸ ನಿಂತರೆ ಕೂಲಿಕಾರ ಮೊದಲು ಸಾಯುತ್ತಾನೆ. ಅದಕ್ಕೆ ತಕ್ಕಂತೆ ಮುನ್ಸೂಚನೆಯ ಲಕ್ಷಣಗಳನ್ನು ಹೆಸರಿಸಿತು. ಕಾಳಿನ ಬೆಲೆ ಏರುವುದು, ಗುಂಪು ಗುಂಪಾಗಿ ಗುಳೆ ಹೋಗುವುದು, ಕಳ್ಳತನ ಹೆಚ್ಚುವುದು: ಇವನ್ನು ಊರಿನ ಅಧಿಕಾರಿಗಳು ಮೇಲಕ್ಕೆ ತಿಳಿಸಬೇಕು. ಆಗ ಪರೀಕ್ಷೆಗೆಂದು ಒಂದು ಕಾಮಗಾರಿ ತೆರೆಯಬೇಕು. ಕಡಿಮೆ ಕೂಲಿಗೂ ಜನ ಮುಗಿಬಿದ್ದರೆ ಬರ ನಿಜ. ದುಡಿಯಲಾರದವರಿಗೆ ಉಚಿತ ಪಡಿ. ರೈತರಿಗೆ ತಗಾವಿ ಎಂಬ ಸರ್ಕಾರಿ ಮುಂಗಡ ಸಾಲ, ಕಂದಾಯ ಮುಂದೂಡಿಕೆ. ಹಸಿವನ್ನು ಹಸಿದವನ ಮಾತಿನಿಂದ ನಂಬದೆ ಅವನ ಬೆವರಿನಿಂದ ಅಳೆಯುವ ಈ ಕ್ರಮದಲ್ಲಿ ಕ್ರೌರ್ಯವಿದೆ. ಆದರೂ ಸಂಹಿತೆ ಜಾರಿಯಾದ ಕಡೆ ಸರ್ಕಾರಕ್ಕೆ ಕೈತೊಳೆದುಕೊಳ್ಳಲು ಆಗುತ್ತಿರಲಿಲ್ಲ. ಮಹಾರಾಷ್ಟ್ರದ ಉದ್ಯೋಗ ಖಾತರಿಯಲ್ಲೂ 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿಯಲ್ಲೂ ಇದರ ವಂಶಲಕ್ಷಣ ಗುರುತಿಸಬಹುದು. ಜೊತೆಗೆ, ಮುಂದಿನ ಬರಗಳಿಗಾಗಿ ವರ್ಷಕ್ಕೆ 15 ಲಕ್ಷ ಪೌಂಡು ಎತ್ತಿಡುತ್ತೇವೆಂದು ಹೊಸ ತೆರಿಗೆ ಹಾಕಿದ ಸರ್ಕಾರ, ಕೂಡಲೇ ಬಂದ ಅಫ್ಘನ್ ಯುದ್ಧಕ್ಕೆ ಆ ಹಣವನ್ನು ತಿರುಗಿಸಿತು ಎಂಬುದನ್ನೂ ಹೇಳಿಬಿಡಬೇಕು.

ಸಂಹಿತೆಯ ಜೀವ ಘೋಷಣೆಯಲ್ಲಿತ್ತು. ಅದೇ ಅದರ ಸಾವೂ ಆಯಿತು. 1942ರ ಅಕ್ಟೋಬರಿನಲ್ಲಿ ಬಂಗಾಳದ ಮೇದಿನಿಪುರ ಕರಾವಳಿಗೆ ಚಂಡಮಾರುತ ಅಪ್ಪಳಿಸಿತು. ಜಪಾನೀಯರ ಕೈಗೆ ಸಿಗಬಾರದೆಂದು ಕರಾವಳಿಯ ದೋಣಿಗಳನ್ನೂ ಹೆಚ್ಚುವರಿ ಅಕ್ಕಿಯನ್ನೂ ಸರ್ಕಾರ ಆ ವೇಳೆಗಾಗಲೇ ವಶಪಡಿಸಿಕೊಂಡಿತ್ತು. ಬರ್ಮಾದ ಅಕ್ಕಿ ನಿಂತಿತ್ತು. ಯುದ್ಧದ ಖರ್ಚಿನಿಂದ ಬೆಲೆ ಗಗನಕ್ಕೇರಿತ್ತು. 1943ರಲ್ಲಿ ಜನ ಕಲ್ಕತ್ತೆಯ ಬೀದಿಗಳಲ್ಲಿ ಸಾಯುತ್ತಿದ್ದಾಗಲೂ ಬಂಗಾಳದಲ್ಲಿ ಕ್ಷಾಮ ಸಂಹಿತೆ ಜಾರಿಯಾಗಲಿಲ್ಲ. ಸಂಹಿತೆ ಗೊತ್ತುಪಡಿಸಿದ ಪಡಿ ಕೊಡಲು ನಮ್ಮಲ್ಲಿ ಧಾನ್ಯವೇ ಇಲ್ಲವೆಂದು ಹಂಗಾಮಿ ಗವರ್ನರ್ ರುದರ್‌ಫರ್ಡ್ ವೈಸರಾಯ್‌ಗೆ ಬರೆದ. ಘೋಷಿಸಿದರೆ ಕೊಡಬೇಕಾಗುತ್ತದೆ, ಆದ್ದರಿಂದ ಘೋಷಿಸುವುದಿಲ್ಲ! ಈ ಕ್ಷಾಮದ ತನಿಖೆ ನಡೆಸಿದ ವುಡ್‌ಹೆಡ್ ಆಯೋಗ ಸಾವನ್ನು 15 ಲಕ್ಷವೆಂದು ಅಂದಾಜಿಸಿತು. ನಂತರದ ವಿದ್ವಾಂಸರ ಅಂದಾಜು 20ರಿಂದ 30 ಲಕ್ಷ. ಧಾನ್ಯದ ಒಟ್ಟು ಕೊರತೆಯಿಂದ ಈ ಕ್ಷಾಮವನ್ನು ವಿವರಿಸಲಾಗದೆಂದು ಅಮರ್ತ್ಯ ಸೇನ್ 1981ರಲ್ಲಿ ವಾದಿಸಿದರು. ಅವರ ವಾದದ ಮೊಳಕೆ 1880ರ ವರದಿಯ ‘ಕೂಲಿಯ ಅಭಾವ’ದಲ್ಲೇ ಇದೆಯಲ್ಲವೇ ಎಂದು ಕೇಳಬಹುದು. ಇದೆ, ಆದರೆ ಸೇನ್ ಅದನ್ನು ಅಧಿಕಾರಿಯ ಕೈಪಿಡಿಯಿಂದ ಬಿಡಿಸಿ ಹಕ್ಕಿನ ಪ್ರಶ್ನೆಯಾಗಿಸಿದರು.

ವಿಪತ್ತಿಗೆ ಕಾರಣ ದೈವವೋ, ನಿಸರ್ಗವೋ, ಮನುಷ್ಯನೋ ಎಂಬ ಜಗಳ ಬಹಿರಂಗವಾಗಿ ನಡೆದದ್ದು 1934ರ ಜನವರಿ 15ರ ಬಿಹಾರ ಭೂಕಂಪದ ನಂತರ. ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಗಾಂಧೀಜಿ ಹೇಳಿದರು. ಭೌತಿಕ ಘಟನೆಗೆ ಭೌತಿಕ ಕಾರಣವೇ ಇರಬೇಕೆಂದು ರವೀಂದ್ರನಾಥ ಠಾಕೂರರು ಪ್ರತಿಭಟಿಸಿದರು. ಗಾಂಧೀಜಿ ಆ ಹೇಳಿಕೆಯನ್ನು ತಮ್ಮ ‘ಹರಿಜನ’ದಲ್ಲೇ ಅಚ್ಚು ಹಾಕಿಸಿ ಉತ್ತರ ಬರೆದರು. ತರ್ಕದಲ್ಲಿ ಠಾಕೂರರೇ ಸರಿ. 1967ರ ಡಿಸೆಂಬರ್ 11ರಂದು ಮಹಾರಾಷ್ಟ್ರದ ಕೊಯ್ನಾ ನಡುಗಿದಾಗ ಈ ಪ್ರಶ್ನೆಗೆ ಹೊಸ ತಿರುವು ಸಿಕ್ಕಿತು: ಅಣೆಕಟ್ಟೆಯ ಹಿನ್ನೀರಿನ ಒತ್ತಡವೇ ಭೂಕಂಪವನ್ನು ಪ್ರಚೋದಿಸಿತೆಂಬುದು ಭೂವಿಜ್ಞಾನಿಗಳ ಬಹುಮತ. ಭೂಕಂಪವೂ ಅಪ್ಪಟ ನೈಸರ್ಗಿಕವಾಗಿ ಉಳಿಯಲಿಲ್ಲ.

1984ರ ಡಿಸೆಂಬರ್ 2–3ರ ರಾತ್ರಿ ಭೋಪಾಲದಲ್ಲಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ತೊಟ್ಟಿಗೆ ನೀರು ಸೇರಿ ಸುಮಾರು 40 ಟನ್ ಮಿಥೈಲ್ ಐಸೊಸಯನೇಟ್ ಸೋರಿದಾಗ ಸರ್ಕಾರದ ಬಳಿ ಅದಕ್ಕೆ ಸಿದ್ಧ ಕಡತವಿರಲಿಲ್ಲ. ಕಂದಾಯ ಇಲಾಖೆಯ ಕೈಪಿಡಿ ಬೆಳೆಹಾನಿಗೆ ಇತ್ತು, ವಿಷಾನಿಲಕ್ಕೆ ಇರಲಿಲ್ಲ. 1985ರ ಕಾಯ್ದೆಯ ಮೂಲಕ ಕೇಂದ್ರ ಸರ್ಕಾರ ಸಂತ್ರಸ್ತರೆಲ್ಲರ ಪರವಾಗಿ ದಾವೆ ಹೂಡುವ ಅಧಿಕಾರವನ್ನು ತಾನೇ ತೆಗೆದುಕೊಂಡಿತು. ಕಾರ್ಖಾನೆಗೆ ಪರವಾನಗಿ ಕೊಟ್ಟ, ತಪಾಸಣೆ ಮಾಡಬೇಕಿದ್ದ ಪ್ರಭುತ್ವವೇ ವಾದಿಯ ಜಾಗದಲ್ಲಿ ನಿಂತಿತು. 1989ರ ಫೆಬ್ರುವರಿಯಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಈ ನಡುವೆ ದಿಲ್ಲಿಯ ಓಲಿಯಂ ಸೋರಿಕೆ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ಪೀಠ, ಅಪಾಯಕಾರಿ ಉದ್ದಿಮೆ ನಡೆಸುವವರ ಹೊಣೆ ಪೂರ್ಣವಾದದ್ದು, ದೈವಕೃತ್ಯವೆಂಬ ನೆಪ ಅಲ್ಲಿ ನಡೆಯದು ಎಂದು ತೀರ್ಪಿತ್ತಿತು. ಅಲ್ಲಿಂದೀಚೆಗೆ ಹಾದಿ ಎರಡಾಯಿತೆಂದು ನನ್ನ ಅನಿಸಿಕೆ. ನೈಸರ್ಗಿಕವೆಂದು ಬರೆಸಿಕೊಂಡ ಸಾವು ತಹಶೀಲ್ದಾರರ ಕಚೇರಿಗೆ ಹೋಗುತ್ತದೆ; ಅಲ್ಲಿ ಪರಿಹಾರ ಬೇಗ, ಅಪರಾಧಿ ಇಲ್ಲ. ಮಾನವಕೃತವೆಂದಾದ ಸಾವು ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ಅಪರಾಧಿ ಇದ್ದಾನೆ, ಪರಿಹಾರ ಮಾತ್ರ ದೂರ.

2005ರ ವಿಪತ್ತು ನಿರ್ವಹಣಾ ಕಾಯ್ದೆ ಈ ಗೋಡೆಯನ್ನು ಕಾಗದದ ಮೇಲೆ ಕೆಡವಿತು. ನೈಸರ್ಗಿಕ ಕಾರಣ, ಮಾನವಕೃತ ಕಾರಣ, ಅಪಘಾತ, ನಿರ್ಲಕ್ಷ್ಯ ಎಲ್ಲವೂ ಅದರ ವ್ಯಾಖ್ಯೆಯೊಳಗೆ ಬರುತ್ತವೆ. ಹಣ ಬಿಡುಗಡೆ ಮಾಡುವ ನಿಯಮಗಳಲ್ಲಿ ಮಾತ್ರ ಹಳೆಯ ಪಟ್ಟಿ ಉಳಿಯಿತು: ಚಂಡಮಾರುತ, ಬರ, ಭೂಕಂಪ, ನೆರೆ, ಸುನಾಮಿ, ಆಲಿಕಲ್ಲು, ಭೂಕುಸಿತ, ಕೀಟಬಾಧೆ ಇತ್ಯಾದಿ. ಬಹುಕಾಲ ಸಿಡಿಲಾಗಲಿ ಬಿಸಿಗಾಳಿಯಾಗಲಿ ಅದರಲ್ಲಿರಲಿಲ್ಲ. ಎಲ್ಲವನ್ನೂ ಕತ್ತಲೆಯಾಗಿ ಚಿತ್ರಿಸುವುದೂ ತಪ್ಪು. 1999ರ ಮಹಾ ಚಂಡಮಾರುತದಲ್ಲಿ ಸುಮಾರು 10,000 ಜನರನ್ನು ಕಳೆದುಕೊಂಡ ಒಡಿಶಾ, 2013ರ ಫೈಲಿನ್ ಬರುವ ಮುನ್ನ ಹತ್ತು ಲಕ್ಷದಷ್ಟು ಜನರನ್ನು ಸ್ಥಳಾಂತರಿಸಿತು. ಸಾವು ಎರಡಂಕಿಯಲ್ಲಿ ನಿಂತಿತು. ಗಾಳಿಯ ವೇಗ 1999ರಷ್ಟಿರಲಿಲ್ಲ ನಿಜ, ಆದರೆ ಘೋಷಣೆಯ ಹೊತ್ತೂ ಬದಲಾಗಿತ್ತು: ಹಾನಿಯ ನಂತರ ಬರುತ್ತಿದ್ದದ್ದು ಹಾನಿಗೆ ಮೊದಲೇ ಬಂತು.

ಬರದ ವಿಷಯದಲ್ಲಿ ಹಾಗಾಗಿಲ್ಲ. ಕರ್ನಾಟಕ 1988ರಲ್ಲೇ ಬರ ನಿಗಾ ಕೋಶ ಸ್ಥಾಪಿಸಿತ್ತು. ಬೆಳೆಯನ್ನು ಆಣೆ ಲೆಕ್ಕದಲ್ಲಿ ಅಂದಾಜಿಸುವ ಹಳೆಯ ಆಣೆವಾರಿ ಪದ್ಧತಿಯ ಜಾಗಕ್ಕೆ 2016ರ ಕೇಂದ್ರ ಕೈಪಿಡಿ ಮಳೆ ಕೊರತೆ, ಬಿತ್ತನೆ ಪ್ರದೇಶ, ಮಣ್ಣಿನ ತೇವಾಂಶ, ಉಪಗ್ರಹದಿಂದ ಕಾಣುವ ಹಸಿರು ಮುಂತಾದ ಮಾನದಂಡಗಳನ್ನು ತಂದಿತು. ಅಳತೆ ಸೂಕ್ಷ್ಮವಾಯಿತು, ಹೊಸ್ತಿಲು ಎತ್ತರವಾಯಿತು: ಕೇಂದ್ರದ ನೆರವಿಗೆ ‘ತೀವ್ರ’ ಎಂಬ ಮುದ್ರೆಯೇ ಬೇಕು, ‘ಸಾಧಾರಣ’ ಬರ ರಾಜ್ಯದ ಪಾಡು. 2023ರಲ್ಲಿ ರಾಜ್ಯ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿ 18,171 ಕೋಟಿ ರೂಪಾಯಿ ಕೇಳಿತು. ತಿಂಗಳುಗಟ್ಟಲೆ ಉತ್ತರವಿಲ್ಲದೆ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಬಂತು. ಮುಂಗಾರು ಕೈಕೊಟ್ಟ ರೈತನ ಕೈಗೆ ಹಣ ಸೇರುವ ವೇಳೆಗೆ ಮುಂದಿನ ಮುಂಗಾರು ಬಾಗಿಲಲ್ಲಿತ್ತು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಹೋಟೆಲಿನವರು, ಲಾರಿ ನಿಲ್ಲಿಸಿದ್ದ ಚಾಲಕರು ಮಣ್ಣಿನಡಿ ಹೋದರು, ಕೆಲವರು ಗಂಗಾವಳಿ ನದಿಗೆ ಕೊಚ್ಚಿಹೋದರು. ಹೆದ್ದಾರಿ ಅಗಲ ಮಾಡಲು ಗುಡ್ಡದ ಬುಡ ಕಡಿದದ್ದೇ ಕಾರಣವೆಂದು ಊರವರು ಮೊದಲ ದಿನದಿಂದಲೇ ಹೇಳುತ್ತಿದ್ದರು. ಭೂಕುಸಿತ ಸರ್ಕಾರಿ ಪಟ್ಟಿಯಲ್ಲಿರುವುದರಿಂದ ಪರಿಹಾರಕ್ಕೆ ಕಾರಣ ಕೇಳುವ ಅಗತ್ಯ ಬೀಳಲಿಲ್ಲ. ಗುಡ್ಡ ಕಡಿದದ್ದರ ಹೊಣೆ ಬೇರೆಯೇ ಕಡತದ ವಿಷಯ.