ಎನ್ನಿನ್ ಯತಿಯ ರಹದಾರಿ

ಮಾನ್ಯಖೇಟದಲ್ಲಿ ನೃಪತುಂಗನು ರಾಜ್ಯಭಾರ ಮಾಡುತ್ತಿದ್ದ ಕಾಲದಲ್ಲಿ ಜಪಾನೀ ಬೌದ್ಧಯತಿಯೊಬ್ಬನು, ಚೀನಾದೇಶದಲ್ಲಿ ನಿಂತು ಓದುವುದಕ್ಕೆ ಅಪ್ಪಣೆ ಬೇಡಿ, ಆ ದೇಶದ ಕಚೇರಿಗಳಿಗೆ ಅರ್ಜಿಯ ಮೇಲೆ ಅರ್ಜಿಯನ್ನು ಬರೆದುಕೊಳ್ಳುತ್ತಿದ್ದನು. ಆತನ ಹೆಸರು ಎನ್ನಿನ್. ವಿದ್ಯೆಗಾಗಿ ದೇಶಾಂತರ ಹೋದವರಲ್ಲಿ ಹ್ಯೂಯೆನ್‌ತ್ಸಾಂಗನ ಹೆಸರು ಕನ್ನಡಿಗರಿಗೆಲ್ಲ ಪರಿಚಿತವಾದುದು. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ವರ್ಣಿಸಿದ ಆ ಮಹಾಶಯನು ತನ್ನ ದೇಶವನ್ನು ಬಿಡಲು ಅಪ್ಪಣೆ ದೊರೆಯದೆ ಕದ್ದು ಹೊರಟುಬಂದವನು. ಎನ್ನಿನ್ನನ ತೊಡಕು ಬೇರೆಯ ತೆರನಾದುದು. ಹೊರಡುವುದಕ್ಕೆ ಆತನಿಗೆ ಅಡ್ಡಿಯಿರಲಿಲ್ಲ. ಆತನ ದೊರೆಯೇ ಕಳುಹಿಸಿದ್ದನು. ಹೋದ ಕಡೆಯಲ್ಲಿ ಉಳಿಯುವುದೇ ಕಷ್ಟವಾಯಿತು.

೭೯೪ರಲ್ಲಿ ಹುಟ್ಟಿದ ಎನ್ನಿನ್ ಹೀಯೆಯಿ ಪರ್ವತದ ಮಠದಲ್ಲಿ ಸಾಯ್ಚೋ ಆಚಾರ್ಯನ ಶಿಷ್ಯನಾಗಿ ಬೆಳೆದನು. ಆ ಪಂಥಕ್ಕೆ ಮೂಲಪೀಠವು ಚೀನಾದ ತಿಯೆನ್‌ತಾಯ್ ಬೆಟ್ಟ. ಅಲ್ಲಿಗೆ ಹೋಗಿ, ಪಂಥದೊಳಗೆ ಬಗೆಹರಿಯದಿದ್ದ ಸಂದೇಹಗಳಿಗೆ ಪರಿಹಾರ ಕೇಳಿ, ಗ್ರಂಥಗಳನ್ನು ತರಬೇಕೆಂಬುದು ಆತನ ಉದ್ದೇಶ. ಜಪಾನಿನ ಅರಸನು ತಾಂಗ್ ಚಕ್ರವರ್ತಿಯ ಬಳಿಗೆ ಕಳುಹಿಸುತ್ತಿದ್ದ ರಾಯಭಾರದೊಡನೆ ಆತನೂ ಸೇರಿದನು. ಆ ರಾಯಭಾರವು ೮೩೬ರಲ್ಲಿಯೂ ೮೩೭ರಲ್ಲಿಯೂ ಹೊರಟು ಬಿರುಗಾಳಿಗೆ ಸಿಕ್ಕಿ ಹಿಂದಿರುಗಿತು. ಒಂದು ಹಡಗು ಒಡೆದು ಬಹಳ ಮಂದಿ ಸತ್ತರು. ೮೩೮ರಲ್ಲಿ ಮೂರನೆಯ ಸಲ ಹೊರಟು ಯಾಂಗ್‌ಚೌ ಪಟ್ಟಣದ ಸಮೀಪದಲ್ಲಿ ದಡವನ್ನು ಮುಟ್ಟಿತು. ಎನ್ನಿನ್ನನ ಸಂಗಡ ಇಷೋ ಮತ್ತು ಇಗ್ಯೋ ಎಂಬ ಇಬ್ಬರು ಶಿಷ್ಯರೂ ಒಬ್ಬ ಪರಿಚಾರಕನೂ ಇದ್ದರು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ರಾಯಭಾರದೊಡನೆ ಹೋಗುವ ಯತಿಗಳಲ್ಲಿ ಎರಡು ದರ್ಜೆಗಳಿದ್ದುವು. ವರ್ಷಗಟ್ಟಲೆ ನಿಂತು ವ್ಯಾಸಂಗ ಮಾಡತಕ್ಕವರು ಒಂದು ದರ್ಜೆ. ಈಗಾಗಲೇ ಪಂಡಿತರಾಗಿದ್ದು, ಕೆಲವು ಪ್ರಶ್ನೆಗಳನ್ನು ಕೇಳಿಕೊಂಡು ರಾಯಭಾರದ ಜೊತೆಯಲ್ಲಿಯೇ ಹಿಂದಿರುಗತಕ್ಕವರು ಇನ್ನೊಂದು ದರ್ಜೆ. ಎನ್ನಿನ್ನನ ವಯಸ್ಸು ನಲವತ್ತನ್ನು ಮೀರಿದ್ದಿತು, ಆತನು ಹೆಸರಾದ ಪಂಡಿತನಾಗಿದ್ದನು. ಆದುದರಿಂದ ಆತನನ್ನು ಎರಡನೆಯ ದರ್ಜೆಯಲ್ಲಿ ಬರೆದರು. ಅದೇ ಮಠದ ಎನ್ಸಾಯ್ ಎಂಬುವನು ಮೊದಲನೆಯ ದರ್ಜೆಯಲ್ಲಿ ಬಂದಿದ್ದನು. ಗೌರವಕ್ಕಾಗಿ ದೊರೆತ ಹೆಸರು ಎನ್ನಿನ್ನನಿಗೆ ಕಾಲ್ತೊಡಕಾಯಿತು.

ಯಾಂಗ್‌ಚೌವಿನ ಅಧಿಪತಿಯಾಗಿದ್ದ ಲೀ ತೆಯೂ ಎಂಬುವನು ಯತಿಗಳನ್ನು ಮರ್ಯಾದೆಯಿಂದಲೇ ಕಂಡನು. ಆದರೆ ತಿಯೆನ್‌ತಾಯಿಗೆ ಬಿಡುವುದಕ್ಕೆ ಚಕ್ರವರ್ತಿಯ ನಿರೂಪವೇ ಬರಬೇಕೆಂದನು. ರಾಜಧಾನಿಗೆ ಹೋಗಿದ್ದ ರಾಯಭಾರಿ ಫೂಜಿವಾರ ತ್ಸುನೆತ್ಸುಗುವು ಅಲ್ಲಿ ಈ ವಿಷಯವನ್ನು ಮತ್ತೆ ಮತ್ತೆ ಅರಿಕೆ ಮಾಡಿದನು. ೮೩೯ರ ಮೊದಲ ತಿಂಗಳುಗಳಲ್ಲಿ ಉತ್ತರವು ಬಂದಿತು. ಎನ್ಸಾಯನು ಹೋಗಬಹುದು, ಆತನಿಗೆ ಐದು ವರ್ಷದ ಗ್ರಾಸವನ್ನೂ ಸರ್ಕಾರವೇ ಕೊಡುವುದು. ಎನ್ನಿನ್ ಹೋಗಕೂಡದು, ರಾಯಭಾರವು ಬೇಗನೆ ಹಿಂದಿರುಗತಕ್ಕದ್ದು, ಆತನು ಹೋಗಿಬರುವುದಕ್ಕೆ ಕಾಲ ಸಾಲದು. ಕಚೇರಿಯ ದೃಷ್ಟಿಯಿಂದ ನೋಡಿದರೆ ಈ ಉತ್ತರದಲ್ಲಿ ತಪ್ಪು ಹಿಡಿಯುವಂತಿಲ್ಲ. ಎರಡು ವರ್ಷ ಸಮುದ್ರದೊಡನೆ ಹೋರಾಡಿ ಬಂದವನಿಗೆ ಅದು ಹೇಗೆ ಕೇಳಿಸಿರಬೇಕೆಂಬುದು ಬೇರೆಯ ಮಾತು.

ಅಪ್ಪಣೆಯಿಲ್ಲದೆಯೇ ನಿಂತುಬಿಡಬೇಕೆಂದು ಎನ್ನಿನ್ ನಿಶ್ಚಯಿಸಿ ರಾಯಭಾರಿಗೆ ತಿಳಿಸಿದನು. ಧರ್ಮಕಾರ್ಯಕ್ಕೆ ತಾನು ಅಡ್ಡಿಯಾಗುವುದಿಲ್ಲವೆಂದೂ, ಆದರೆ ಈ ದೇಶದ ಆಡಳಿತವು ಬಹಳ ಕಠಿಣವಾದುದು, ತಿಳಿದುಬಂದರೆ ರಾಜಾಜ್ಞೆಯನ್ನು ಮೀರಿದ ಅಪರಾಧವು ತಗಲುವುದೆಂದೂ ರಾಯಭಾರಿಯು ಎಚ್ಚರಿಕೆ ಹೇಳಿದನು. ಹಡಗುಗಳು ಕರಾವಳಿಯುದ್ದಕ್ಕೂ ಉತ್ತರಕ್ಕೆ ಸಾಗುತ್ತಿರುವಾಗ ನಾಲ್ವರೂ ಇಳಿದುಕೊಂಡು, ಇದ್ದಿಲು ಸಾಗಿಸುತ್ತಿದ್ದ ಸಿಲ್ಲಾ ನಾವಿಕರ ಸಹಾಯದಿಂದ ಒಂದು ಹಳ್ಳಿಯನ್ನು ಸೇರಿದರು. ಕೊರಿಯಾದ ಸಿಲ್ಲಾ ರಾಜ್ಯದ ಜನರು ಆ ತೀರದಲ್ಲೆಲ್ಲ ನೆಲಸಿದ್ದರಾದುದರಿಂದ, ತಾವೂ ಸಿಲ್ಲಾದವರೇ ಎಂದು ಹೇಳಿಕೊಂಡರು. ಊರ ಹಿರಿಯನು ಅವರ ಮಾತನ್ನು ಸ್ವಲ್ಪ ಹೊತ್ತು ಕೇಳಿದನು. ಇದು ಸಿಲ್ಲಾದ ಮಾತೂ ಅಲ್ಲ, ಚೀನಾದ ಮಾತೂ ಅಲ್ಲವೆಂದು ಹಿಡಿದುಬಿಟ್ಟನು. ಕಾವಲಿನವರು ಬಂದರು. ಜಪಾನಿನವರೆಂದು ಒಪ್ಪಿಕೊಂಡು, ಕಾಯಿಲೆಯಿಂದ ಹಡಗನ್ನು ಬಿಟ್ಟಿಳಿದೆವೆಂದು ಬರೆದುಕೊಡಬೇಕಾಯಿತು. ಅವರನ್ನು ತಿರುಗಿ ರಾಯಭಾರದ ಹಡಗೊಂದಕ್ಕೆ ಏರಿಸಿದರು. ಜೀವಮಾನವೆಲ್ಲ ಸತ್ಯವ್ರತವನ್ನು ಹಿಡಿದವನು ಈ ಒಂದು ಸುಳ್ಳನ್ನು ಮುಚ್ಚಿಡದೆ ದಿನಚರಿಯಲ್ಲಿ ತಾನೇ ಬರೆದಿಟ್ಟಿರುವುದು ಆತನ ಸ್ವಭಾವವನ್ನು ತೋರಿಸುತ್ತದೆ.

ಆ ಹಡಗು ಗಾಳಿಗೆ ಸಿಕ್ಕಿ ಶಾಂತುಂಗ್ ಭೂಶಿರದ ಛೀಷಾನ್ ಬೆಟ್ಟದ ರೇವಿಗೆ ಬಂದಿತು. ಅಲ್ಲಿ ಸಿಲ್ಲಾದ ನೌಕಾಧಿಪತಿ ಚಾಂಗ್ ಪೊಗೊ ಕಟ್ಟಿಸಿದ ಮಠವಿದ್ದಿತು. ಎನ್ನಿನ್ನನ ಪರಿವಾರವು ಮಠದಲ್ಲಿರುವಾಗಲೇ ಹಡಗುಗಳು ಹೊರಟುಹೋದುವು. ಕೆಲವು ದಿನಗಳಲ್ಲಿಯೇ ವೆನ್‌ತೆಂಗ್ ತಾಲ್ಲೂಕು ಕಚೇರಿಯಿಂದ, ಪರದೇಶಿಗಳು ಉಳಿದಿರುವ ಸಂಗತಿಯನ್ನು ಏಕೆ ತಿಳಿಸಲಿಲ್ಲವೆಂದು ಊರ ಪಟೇಲನನ್ನೂ ಮಠದವರನ್ನೂ ಗದರಿಸುವ ಕಾಗದವು ಬಂದಿತು. ಎನ್ನಿನ್ ಉತ್ತರವನ್ನು ಬರೆದು, ತನ್ನ ಬಳಿಯಿರುವ ವಸ್ತುಗಳ ಪಟ್ಟಿಯನ್ನೂ ಸೇರಿಸಿದನು: ಕಬ್ಬಿಣದ ಭಿಕ್ಷಾಪಾತ್ರೆ ಒಂದು, ಸಣ್ಣ ತಾಳ ಎರಡು, ತಾಮ್ರದ ಕುಂಡಿಕೆ ಒಂದು, ಇಪ್ಪತ್ತಕ್ಕೆ ಮೇಲ್ಪಟ್ಟ ಗ್ರಂಥದ ಸುರುಳಿಗಳು, ಚಳಿಗೆ ಹೊದೆಯುವ ಬಟ್ಟೆಗಳು.

ಚಳಿಗಾಲವು ಆ ಮಠದಲ್ಲಿಯೇ ಕಳೆಯಿತು. ತಿಯೆನ್‌ತಾಯ್ ಅಲ್ಲಿಂದ ಬಹು ದೂರ. ವೂತಾಯ್ ಪರ್ವತವು ಅದಕ್ಕಿಂತ ಹತ್ತಿರ, ಅಲ್ಲಿಯೂ ಮಹಾಪಂಡಿತರಿರುವರೆಂದು ಕೊರಿಯಾದ ಯತಿಗಳು ಹೇಳಿದರು. ಎನ್ನಿನ್ ದಾರಿಯನ್ನು ಬದಲಾಯಿಸಿದನು. ಆದರೆ ತಾಂಗ್ ರಾಜ್ಯದಲ್ಲಿ ರಹದಾರಿಯಿಲ್ಲದೆ ಉಕ್ಕಡವನ್ನು ದಾಟುವಂತಿರಲಿಲ್ಲ. ಯಾರು, ಎಷ್ಟು ಜನ, ಏನು ಸಾಮಾನು, ಎಲ್ಲಿಂದ ಎಲ್ಲಿಗೆ, ಯಾವ ಕಾರ್ಯಕ್ಕೆ ಎಂಬುದೆಲ್ಲ ಮೊಹರಿನೊಡನೆ ಬರೆದಿರಬೇಕು. ೮೪೦ರ ಆರಂಭದಲ್ಲಿ ಮಠದ ಮೂಲಕವೂ, ಆ ಸೀಮೆಯ ಸಿಲ್ಲಾ ಜನರ ಮೇಲ್ವಿಚಾರಕನಾದ ಚಾಂಗ್ ಯುಂಗನ ಮೂಲಕವೂ ಆತನು ಅರ್ಜಿಗಳನ್ನು ಕಳುಹಿಸಿದನು. ಚಾಂಗ್ ಯುಂಗನು ಉಪಕಾರಿ. ತಾಲ್ಲೂಕಿನವರು ಕೊಟ್ಟ ಕಾಗದವು ತೆಂಗ್‌ಚೌ ಪಟ್ಟಣದವರೆಗೆ ಮಾತ್ರ ನಡೆಯುವುದು. ತೆಂಗ್‌ಚೌವಿನವರು ಛಿಂಗ್‌ಚೌವಿನ ಪ್ರಾಂತಾಧಿಪತಿಯನ್ನು ಕೇಳಬೇಕೆಂದರು. ಆ ವರ್ಷಗಳಲ್ಲಿ ಮಿಡತೆಗಳು ಬೆಳೆಯನ್ನು ತಿಂದುಹಾಕಿ, ಜನರು ಓಕ್ ಮರದ ಕಾಯಿಗಳನ್ನು ಅನ್ನವಾಗಿ ತಿನ್ನುತ್ತಿದ್ದರು. ಭಿಕ್ಷೆಯೇ ದುರ್ಲಭವಾದ ಆ ಸೀಮೆಯಲ್ಲಿ ನಾಲ್ವರೂ ಕಚೇರಿಯಿಂದ ಕಚೇರಿಗೆ ನಡೆದರು. ಕೊನೆಗೆ ನಾಲ್ಕನೆಯ ಚಾಂದ್ರಮಾಸದ ಮೊದಲ ದಿನ ಛಿಂಗ್‌ಚೌವಿನಲ್ಲಿ ರಹದಾರಿಯು ಕೈಸೇರಿತು; ಅಧಿಪತಿಯು ಬಟ್ಟೆಯನ್ನೂ ಚಹವನ್ನೂ ಕೊಟ್ಟು ಕಳುಹಿಸಿದನು. ಯಾಂಗ್‌ಚೌವಿನಲ್ಲಿ ದೊರೆಯದಿದ್ದುದು ಇಲ್ಲಿ ದೊರೆಯಿತು. ರಾಜಧಾನಿಯ ನಿರೂಪವನ್ನು ಕೇಳುವ ಗೋಜಿಗೆ ಇವರು ಹೋಗಲಿಲ್ಲವೆಂಬುದೇ ಅದಕ್ಕೆ ಕಾರಣವಾಗಿ ತೋರುತ್ತದೆ.

ಎನ್ನಿನ್ ವೂತಾಯಿಯಲ್ಲಿ ಗ್ರಂಥಗಳನ್ನು ಪ್ರತಿಮಾಡಿಕೊಂಡು, ಅದೇ ವರ್ಷ ರಾಜಧಾನಿಯಾದ ಚಾಂಗ್‌ಆನನ್ನು ಸೇರಿದನು. ಅಲ್ಲಿ ಆತನಿಗೆ ದೊರೆತ ಗುರುಗಳಲ್ಲಿ ದಕ್ಷಿಣ ಹಿಂದೂದೇಶದಿಂದ ಹೋದ ಒಬ್ಬ ತ್ರಿಪಿಟಕಾಚಾರ್ಯನೂ ಇದ್ದನು. ಚೀನೀಯರು ಆತನನ್ನು ಪಾವ್‌ಯೂಯೆ ಎಂದು ಕರೆಯುತ್ತಿದ್ದರು. ರತ್ನಚಂದ್ರನೆಂದು ಆ ಹೆಸರಿನ ಅರ್ಥ. ಸಂಸ್ಕೃತದ ಸಿದ್ಧಂ ಲಿಪಿಯನ್ನೂ ಉಚ್ಚಾರಣೆಯನ್ನೂ ಎನ್ನಿನ್ ಆತನಿಂದ ಕಲಿತನು. ದಕ್ಷಿಣ ಹಿಂದೂದೇಶವೆಂದರೆ ವಿಶಾಲವಾದ ನಾಡು. ಆತನನ್ನು ಕನ್ನಡಿಗನೆಂದು ಹೇಳಿಕೊಳ್ಳುವ ಆಸೆಯನ್ನು ತಡೆದುಕೊಳ್ಳುವುದೇ ಲೇಸು. ೮೪೧ರಲ್ಲಿ ಆ ಆಚಾರ್ಯನು ಸ್ವದೇಶಕ್ಕೆ ಹಿಂದಿರುಗಲು ಅಪ್ಪಣೆ ಬೇಡಿ, ಮತಾಧಿಕಾರಿಯ ಕಚೇರಿಗೆ ತಿಳಿಸದೆ ನೇರವಾಗಿ ಚಕ್ರವರ್ತಿಗೆ ಬಿನ್ನವತ್ತಳೆಯನ್ನು ಒಪ್ಪಿಸಿದನು. ಕ್ರಮತಪ್ಪಿದ್ದಕ್ಕಾಗಿ ಆತನ ಶಿಷ್ಯರಿಗೂ ದುಭಾಷಿಗೂ ಬೆತ್ತದ ಏಟುಗಳು ಬಿದ್ದುವು. ಆಚಾರ್ಯನನ್ನು ಹೊಡೆಯಲಿಲ್ಲ, ಬಿಡಲೂ ಇಲ್ಲ.

ಅದೇ ವರ್ಷ ಎನ್ನಿನ್ನನೂ ಊರಿಗೆ ಹೋಗಲು ಮೊದಲನೆಯ ಅರ್ಜಿಯನ್ನು ಹಾಕಿದನು. ಉಳಿಯಲು ಅಪ್ಪಣೆ ಕೊಡದಿದ್ದ ಸರ್ಕಾರವು ಈಗ ಹೊರಡಲು ಅಪ್ಪಣೆ ಕೊಡಲಿಲ್ಲ. ಹೀಗೆ ಹಾಕಿದ ಅರ್ಜಿಗಳು ನೂರಕ್ಕೆ ಮೇಲ್ಪಟ್ಟುವೆಂದೂ, ಪ್ರಭಾವಶಾಲಿಗಳಿಗೆ ಕಾಣಿಕೆಯನ್ನು ಕೊಟ್ಟು ನೋಡಿದರೂ ಫಲವಾಗಲಿಲ್ಲವೆಂದೂ ದಿನಚರಿಯು ಹೇಳುತ್ತದೆ. ಚಕ್ರವರ್ತಿ ವೂತ್ಸುಂಗನು ತಾವೋ ಮತದ ಪಕ್ಷಪಾತಿ. ೮೪೨ರಿಂದ ಬೌದ್ಧರ ಮೇಲೆ ಕಟ್ಟುಗಳು ಬಿಗಿಯಾಗುತ್ತ ಬಂದುವು. ೮೪೩ರಲ್ಲಿ ಪಟ್ಟಣದ ಪರದೇಶಿ ಯತಿಗಳನ್ನು ಕರೆಸಿ ಚಹ ಕೊಟ್ಟು ಸಮಾಧಾನ ಹೇಳಿದರು. ಭಾರತ, ಸಿಂಹಳ, ಕೂಚಾ, ಸಿಲ್ಲಾ, ಜಪಾನು ಎಲ್ಲ ಸೇರಿ ಅಂದು ಇದ್ದವರು ೨೧ ಮಂದಿ. ಅದೇ ವರ್ಷ ಶಿಷ್ಯ ಇಗ್ಯೋ ಕಾಯಿಲೆಯಿಂದ ಚಾಂಗ್‌ಆನಿನಲ್ಲಿಯೇ ತೀರಿಕೊಂಡನು. ೮೪೫ರಲ್ಲಿ ಆ ರಾಜ್ಯದಲ್ಲಿ ಒಡೆದ ಮಠಗಳು ೪,೬೦೦. ಕಾಷಾಯವನ್ನು ಬಿಡಬೇಕಾದ ಭಿಕ್ಷು ಭಿಕ್ಷುಣಿಯರು ೨,೬೦,೫೦೦. ಮತಖಾತೆಯ ಪತ್ರವಿಲ್ಲದ ಪರದೇಶಿ ಯತಿಗಳು ಗೃಹಸ್ಥರಾಗಿ ತಮ್ಮ ದೇಶಗಳಿಗೆ ತೆರಳತಕ್ಕದ್ದೆಂದು ಆಜ್ಞೆಯಾಯಿತು. ಎನ್ನಿನ್ನನ ಬಳಿ ಆ ಪತ್ರವಿರಲಿಲ್ಲ. ನೂರು ಅರ್ಜಿಗಳಿಂದ ಆಗದ ಕೆಲಸವು ಒಂದು ಕಾಗದವಿಲ್ಲದುದರಿಂದ ಆಯಿತು. ಆ ದಿನ ತನಗೆ ದುಃಖವೂ ಸಂತೋಷವೂ ಒಟ್ಟಿಗೆ ಆದುವೆಂದು ಆತನು ಬರೆದುಕೊಂಡಿದ್ದಾನೆ.

ತಲೆಗೆ ಬಟ್ಟೆ ಸುತ್ತಿಕೊಂಡು, ಗೃಹಸ್ಥನ ಉಡುಪಿನಲ್ಲಿ ಹೊರಟವನಿಗೆ ಹಡಗು ಸಿಕ್ಕಲು ಇನ್ನೂ ಎರಡು ವರ್ಷ ಹಿಡಿಯಿತು. ಗ್ರಂಥಗಳ ಪೆಟ್ಟಿಗೆಗಳನ್ನು ಛೂಚೌವಿನ ಸಿಲ್ಲಾ ದುಭಾಷಿಯೊಬ್ಬನು ತನ್ನ ಪ್ರಾಣವನ್ನು ಪಣವಾಗಿಟ್ಟು ಬಚ್ಚಿಟ್ಟಿದ್ದನು. ೮೪೭ರಲ್ಲಿ ಎನ್ನಿನ್ ಜಪಾನಿಗೆ ಮರಳಿದಾಗ ಆತನೊಡನೆ ಬಂದ ಕೃತಿಗಳು ೫೦೦ಕ್ಕೆ ಮೇಲ್ಪಟ್ಟಿದ್ದುವು. ೮೫೪ರಲ್ಲಿ ಹೀಯೆಯಿ ಪರ್ವತದ ಪೀಠವನ್ನೇರಿ ೮೬೪ರಲ್ಲಿ ದೇಹವನ್ನು ಬಿಟ್ಟನು. ಐದು ವರ್ಷದ ಗ್ರಾಸವನ್ನು ಪಡೆದ ಎನ್ಸಾಯನು ಚೀನಾದಲ್ಲಿ ಸುಮಾರು ನಲವತ್ತು ವರ್ಷವಿದ್ದು, ೮೭೭ರಲ್ಲಿ ಊರಿಗೆ ಹಿಂದಿರುಗುವಾಗ ಹಡಗೊಡೆದು ಸಮುದ್ರದ ಪಾಲಾದನು.

ಎನ್ನಿನ್ನನ ದಿನಚರಿಯು ನಾಲ್ಕು ಭಾಗಗಳಾಗಿದೆ. ತಾನು ಬರೆದ ಅರ್ಜಿಗಳನ್ನೂ ಕಚೇರಿಗಳಿಂದ ಬಂದ ಉತ್ತರಗಳನ್ನೂ ಆತನು ಅಕ್ಷರ ಬಿಡದೆ ಅದರಲ್ಲಿ ಪ್ರತಿಮಾಡಿಟ್ಟಿರುವುದರಿಂದಲೇ ಈ ಸಂಗತಿಗಳೆಲ್ಲ ಉಳಿದುಬಂದುವು. ೧೨೯೧ರಲ್ಲಿ ಎಪ್ಪತ್ತೆರಡು ವಯಸ್ಸಿನ ಯತಿಯೊಬ್ಬನು ಮಾಡಿದ ಪ್ರತಿಯು ೧೮೮೩ರಲ್ಲಿ ಕ್ಯೋಟೋ ನಗರದ ತೋಜಿ ಮಠದಲ್ಲಿ ದೊರೆಯಿತು. ೧೯೫೫ರಲ್ಲಿ ರೈಷವರ್ ಪಂಡಿತನು ಅದರ ಇಂಗ್ಲಿಷ್ ಭಾಷಾಂತರವನ್ನು ಪ್ರಕಟಿಸಿದನು. ಎನ್ನಿನ್ನನ ತರುವಾಯ ಅದೇ ಪಂಥದ ಎನ್ಚಿನ್ ಎಂಬುವನು ೮೫೩ರಲ್ಲಿ ಚೀನಾಕ್ಕೆ ಹೋದನು. ಆತನಿಗೆ ೮೫೫ರಲ್ಲಿ ತಾಂಗ್ ಅಧಿಕಾರಿಗಳು ಕೊಟ್ಟ ರಹದಾರಿಗಳು, ಮೊಹರುಗಳೊಡನೆಯೂ ಉಕ್ಕಡದವರು ನೋಡಿ ಬಿಟ್ಟೆವೆಂದು ಬರೆದ ಗುರುತಿನೊಡನೆಯೂ, ಮೀಯಿ ಮಠದಲ್ಲಿ ಇಂದಿಗೂ ಇವೆ.